ಐವತ್ತರ ಮೇಲೆ ಅನಿಮೆ ಯಾಕೆ ನೋಡಬೇಕು?

ಅನಿಮೆ ಅಂದ ತಕ್ಷಣ ನಮ್ಮ ವಯಸ್ಸಿನವರ ಕಣ್ಣ ಮುಂದೆ ಎರಡೇ ಚಿತ್ರ ಬರೋದು. ಒಂದು, ಡೋರೇಮಾನ್, ಶಿನ್-ಚಾನ್ ಥರದ ಕಾರ್ಟೂನು, ಊಟಕ್ಕೆ ಎಷ್ಟು ಕೂಗಿದರೂ ಮಕ್ಕಳು ಅದರ ಮುಂದಿನಿಂದ ಏಳಲ್ಲ. ಇನ್ನೊಂದು, ಕೂದಲು ನಿಮಿರಿಸಿಕೊಂಡ ಹುಡುಗರು ಕಿರುಚಾಡಿಕೊಂಡು ಹೊಡೆದಾಡುವ ಗದ್ದಲ. ಎರಡೂ ಇವೆ, ಇಲ್ಲ ಅನ್ನಲ್ಲ. ಆದರೆ ಅನಿಮೆ ಅಂದರೆ ಅಷ್ಟೇ ಅಂದುಬಿಡೋದು, ಇಲ್ಲಿ ಮುಂಬಯಿಯವರು ಉಡುಪಿ ಹೋಟೆಲಿನ ಇಡ್ಲಿ ತಿಂದು ಕರ್ನಾಟಕದ ಊಟ ಪೂರ್ತಿ ಗೊತ್ತು ಅಂತಾರಲ್ಲ, ಹಾಗೆ. (ಜೋಳದ ರೊಟ್ಟಿ ಕೊಟ್ಟರೆ "ಭಾಕ್ರಿ ತಾನೆ" ಅಂತಾರೆ, ಅದು ಬೇರೆ ಕಥೆ.)

ನಾನು ಧಾರವಾಡದ ಕಡೆಯವನು. ಬಿ.ಕಾಂ. ಮುಗಿಸಿ, ಬ್ಯಾಂಕಿನ ನೌಕರಿ ಹಿಡಿದು ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಸಿನಿಮಾ ಪಂಡಿತನೂ ಅಲ್ಲ, ಜಪಾನಿಗೆ ಹೋಗಿ ಬಂದವನೂ ಅಲ್ಲ. ಡೊಂಬಿವಿಲಿಯ ಎರಡು ಕೋಣೆಯ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಒಂದು ಕಂತು, ಭಾನುವಾರ ಆದರೆ ಎರಡು, ಇಷ್ಟೇ ನನ್ನ ಅನಿಮೆ ಸಂಪರ್ಕ. ಬೆಳಗ್ಗಿನ ಲೋಕಲ್‌ನಲ್ಲಿ ನೋಡಿ ಅಂತ ಕೆಲವರು ಸಲಹೆ ಕೊಡ್ತಾರೆ. ಅವರು ಎಂಟೂವರೆಯ ಫಾಸ್ಟ್ ಲೋಕಲ್ ಹತ್ತಿದವರಲ್ಲ ಅಂತ ಅಲ್ಲೇ ಗೊತ್ತಾಗುತ್ತೆ :-) ಜೇಬಿನಿಂದ ಫೋನ್ ತೆಗೆಯೋದಿರಲಿ, ಕೈಯೇ ಮೇಲೆ ಬರಲ್ಲ.

ಆದರೂ ಯಾವ ಸರಣಿಗೆ ಸಮಯ ಕೊಡಬೇಕು, ಯಾವುದಕ್ಕೆ ಕೊಡಬಾರದು ಅನ್ನೋದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಸಾಲದ ಅರ್ಜಿ ನೋಡಿ ನೋಡಿ ಬಂದ ಗುಣ ಇರಬೇಕು!

ಮೊದಲು ಒಂದು ಮಾತು. ನಮ್ಮಲ್ಲಿ ಬಹಳ ಜನ ಗೊತ್ತಿಲ್ಲದೆಯೇ ಅನಿಮೆ ನೋಡಿದವರು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರ್ತಿದ್ದ 'ಜಂಗಲ್ ಬುಕ್' ನೆನಪಿದೆಯಲ್ಲ? ಅದು ಜಪಾನಿನ ನಿಪ್ಪಾನ್ ಆನಿಮೇಷನ್ ಕಂಪನಿ 1989ರಲ್ಲಿ ಶುರು ಮಾಡಿದ 52 ಕಂತಿನ ಸರಣಿ. ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಬರೆದ ಭಾರತದ ಕಾಡಿನ ಕಥೆ, ಚಿತ್ರ ಬರೆದದ್ದು ಜಪಾನಿನವರು. ಹಿಂದಿಗೆ ಬಂದಾಗ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್‌ಖಾನನಿಗೆ ನಾನಾ ಪಾಟೇಕರ್ ದನಿ ಕೊಟ್ಟರು. ಆಗ ಅದನ್ನು ಯಾರೂ ಜಪಾನಿನದು ಅಂತ ನೋಡಲಿಲ್ಲ, ಮೋಗ್ಲಿ ಅಂತ ನೋಡಿದೆವು. ಹಾಗಾಗಿ "ಇದೆಲ್ಲ ನಮಗೆ ಹೊಸದು" ಅನ್ನೋ ಮಾತು ನಡೆಯಲ್ಲ.

ಈಗ ವಿಷಯಕ್ಕೆ ಬರ್ತೀನಿ. ಅನಿಮೆ ಹೀಗೆ ಯಾಕಿದೆ ಅಂತ ತಿಳಿಯೋಕೆ ಅದರ ಖರ್ಚು-ವೆಚ್ಚ ನೋಡಬೇಕು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರಕ್ಕೆ ಅರ್ಧ ಗಂಟೆ. ಡಿಸ್ನಿಯವರ ಹಾಗೆ ಪ್ರತಿ ಚಲನೆಗೂ ಚಿತ್ರ ಬರೆಯುತ್ತಾ ಕೂತರೆ ಕೈಯಲ್ಲಿದ್ದ ದುಡ್ಡಿಗೂ ಇದ್ದ ದಿನಕ್ಕೂ ತಾಳೆ ಆಗ್ತಿರಲಿಲ್ಲ. ಅದಕ್ಕೆ ಚಿತ್ರಗಳ ಸಂಖ್ಯೆ ಕಡಿಮೆ ಮಾಡಿದರು. ಮುಖ ಹಾಗೇ ನಿಂತಿರುತ್ತೆ, ಬಾಯಿ ಮಾತ್ರ ಆಡುತ್ತೆ. ಒಮ್ಮೆ ಬರೆದ ಚಿತ್ರಗಳನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸಿದರು. ಈ ಎತ್ತಿಟ್ಟ ದಾಸ್ತಾನಿಗೆ ಅವರು ಇಟ್ಟ ಹೆಸರೇನು ಗೊತ್ತೇ? 'ಬ್ಯಾಂಕ್'! ಇವತ್ತಿಗೂ ಆ ಕಸುಬಿನಲ್ಲಿ ಅದೇ ಹೆಸರು. ಇದು ಗೊತ್ತಾದ ದಿನ ನಮ್ಮ ಬ್ರಾಂಚಿನಲ್ಲಿ ಎಲ್ಲರಿಗೂ ಹೇಳಿದೆ, ಯಾರೂ ನಗಲಿಲ್ಲ.

ಚಲನೆ ಕಡಿಮೆ ಆದಾಗ ಬೇರೆ ಯಾವುದೋ ಹೆಚ್ಚಾಗಬೇಕಲ್ಲ? ಮಾತು, ದನಿ, ಮೌನ, ಚಿತ್ರದ ಹಿನ್ನೆಲೆ, ಕಥೆಯ ಗಟ್ಟಿತನ ಹೆಚ್ಚಾಯಿತು. ಮಳೆ ಬೀಳ್ತಾ ಇರುವ ಒಂದು ಖಾಲಿ ಬೀದಿ, ಐದು ಸೆಕೆಂಡು. ಯಾರೂ ಮಾತಾಡಲ್ಲ. ಕೈಯಲ್ಲಿ ದುಡ್ಡಿಲ್ಲದೆ ಹುಟ್ಟಿದ ಪದ್ಧತಿ ಒಳ್ಳೆಯ ನಿರ್ದೇಶಕರ ಕೈಗೆ ಸಿಕ್ಕಾಗ ಹೀಗೂ ಒದಗಿಬಂತು. ಕೆಟ್ಟವರ ಕೈಯಲ್ಲಿ ಬರೀ ಸೋಮಾರಿತನವಾಯಿತು. ಹಾಗಾಗಿ ನನ್ನ ಮೊದಲ ಪರೀಕ್ಷೆ ಇದು. ಏನೂ ನಡೆಯದ ಆ ಐದು ಸೆಕೆಂಡಿನಲ್ಲಿ ನಮಗೆ ಬೇಜಾರಾಗುತ್ತಾ, ಅಥವಾ ಆ ಜಾಗದಲ್ಲಿ ಸ್ವಲ್ಪ ಹೊತ್ತು ಕೂತ ಹಾಗಾಗುತ್ತಾ?

1974ರ 'ಹೈದಿ' ನೋಡಿ. ಇಸಾವೊ ತಕಹಾತಾ ನಿರ್ದೇಶನ, ದೃಶ್ಯಗಳ ವಿನ್ಯಾಸ ಮುಂದೆ ಜಗತ್ಪ್ರಸಿದ್ಧರಾದ ಹಯಾವೊ ಮಿಯಾಜಾಕಿ ಅವರದು. ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಅಜ್ಜನ ಜೊತೆ ಇರುವ ತಬ್ಬಲಿ ಹುಡುಗಿಯ ಕಥೆ. ಅದಕ್ಕಾಗಿ ತಂಡದವರು ಸ್ವಿಟ್ಜರ್ಲೆಂಡಿಗೇ ಹೋಗಿ ನೋಡಿ ಬಂದಿದ್ದರು. 52 ಕಂತುಗಳಲ್ಲಿ ಒಬ್ಬ ರಾಕ್ಷಸನೂ ಇಲ್ಲ, ಒಂದು ಯುದ್ಧವೂ ಇಲ್ಲ. ಆಡು ಮೇಯಿಸೋದು, ಹಾಲು ಕರೆಯೋದು, ಅಜ್ಜ ಗಿಣ್ಣನ್ನು, ಅಂದರೆ ಚೀಸನ್ನು, ಬೆಂಕಿಗೆ ಹಿಡಿದು ಕರಗಿಸಿ ರೊಟ್ಟಿಯ ಮೇಲೆ ಹಾಕಿಕೊಡೋದು. ಅದನ್ನು ನೋಡಿದರೆ ನಮ್ಮ ಕಡೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಡೋದು ನೆನಪಾಗದೆ ಇರಲ್ಲ. ಕೈಕೆಲಸವನ್ನು ಇಷ್ಟು ಮರ್ಯಾದೆಯಿಂದ ತೋರಿಸುವುದು ನಮ್ಮ ಟಿವಿ ಧಾರಾವಾಹಿಗಳಲ್ಲಿ ನಾನು ಕಂಡಿಲ್ಲ. ಅಲ್ಲಿ ಅಡುಗೆಮನೆ ಇರೋದೇ ಅತ್ತೆ-ಸೊಸೆ ಬಾಗಿಲ ಹಿಂದೆ ನಿಂತು ಕದ್ದು ಕೇಳೋಕೆ.

ಎರಡನೇ ಪರೀಕ್ಷೆ, ಲೆಕ್ಕ. ತಪ್ಪು ಮಾಡಿದವನ ಖಾತೆಗೆ ಅದು ಡೆಬಿಟ್ ಆಗಬೇಕು. 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' (2009-10, 64 ಕಂತು) ಅಂತ ಇದೆ. ಹೊಕ್ಕೈದೊ ದ್ವೀಪದಲ್ಲಿ ಹೈನುಗಾರಿಕೆ ಮಾಡುವ ಮನೆಯಲ್ಲಿ ಬೆಳೆದ ಹಿರೊಮು ಅರಕಾವಾ ಎಂಬ ಮಹಿಳೆ ಬರೆದ ಚಿತ್ರಕಥೆ ಅದಕ್ಕೆ ಮೂಲ. ರಸವಿದ್ಯೆ ಕಲಿತ ಇಬ್ಬರು ಹುಡುಗರು ಸತ್ತ ತಾಯಿಯನ್ನು ಬದುಕಿಸಲು ಹೋಗಿ, ಅಣ್ಣ ಕಾಲು ಕಳೆದುಕೊಳ್ತಾನೆ, ತಮ್ಮ ಇಡೀ ದೇಹವನ್ನೇ. ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚದಲ್ಲಾದರೂ ಉಳಿಸಿಕೊಳ್ಳಲು ಅಣ್ಣ ತನ್ನ ಒಂದು ತೋಳನ್ನೂ ಕೊಡ್ತಾನೆ. ಏನಾದರೂ ಬೇಕಾದರೆ ಅದಕ್ಕೆ ಸಮನಾದದ್ದನ್ನು ಕೊಡಬೇಕು, ಇದು ಆ ಲೋಕದ ನಿಯಮ. ನಮ್ಮ ಡಬಲ್ ಎಂಟ್ರಿಯೇ!

ಮಾಯಾಲೋಕದ ಕಥೆಗಳಲ್ಲಿ ಸಾಮಾನ್ಯವಾಗಿ ನಾಯಕನಿಗೆ ಎಲ್ಲವೂ ಪುಕ್ಕಟೆ ಸಿಗುತ್ತೆ. ಇಲ್ಲಿ ಹಾಗಿಲ್ಲ. ಮೇಲಿನವರ ಆಜ್ಞೆ ಅಂತ ಇಶ್ವಾಲ್ ಜನಾಂಗದ ಹತ್ಯಾಕಾಂಡದಲ್ಲಿ ಭಾಗವಹಿಸಿದ ಸೈನಿಕರು ಇದ್ದಾರೆ, ಒಳ್ಳೆಯವರು, ನಮಗೆ ಇಷ್ಟವಾಗುವವರು. ಆದರೆ ಇಷ್ಟವಾದರು ಅಂತ ಕಥೆ ಅವರನ್ನು ಮಾಫಿ ಮಾಡಲ್ಲ. "ಮೇಲಿಂದ ಆರ್ಡರ್ ಬಂತು" ಅನ್ನುವ ಮಾತು ನೌಕರಿಯಲ್ಲಿರುವ ನಾವೆಲ್ಲ ಎಷ್ಟು ಸಲ ಹೇಳಿರ್ತೀವಿ, ಯೋಚನೆ ಮಾಡಿ. ಕೊನೆಯಲ್ಲಿ ಈ ಸಮಸಮದ ನಿಯಮವನ್ನೂ ಕಥೆ ದಾಟುತ್ತೆ. ಹತ್ತು ಪಡೆದುಕೊಂಡರೆ ನಮ್ಮದೊಂದು ಸೇರಿಸಿ ಹನ್ನೊಂದು ವಾಪಸ್ ಕೊಡೋಣ ಅನ್ನೋ ವಿಚಾರಕ್ಕೆ ಆ ತಮ್ಮ ಬರ್ತಾನೆ. ಹತ್ತು ಪರ್ಸೆಂಟ್ ಬಡ್ಡಿ ಅಂತ ನಾನು ತಮಾಷೆ ಮಾಡಿದ್ದಕ್ಕೆ ಮಗಳು ಸಿಟ್ಟಾದಳು. "ಅಪ್ಪಾ, ಸುಮ್ನ ಕೂತ್ ನೋಡ್ರಿ, ಎಲ್ಲಾದಕ್ಕೂ ಬ್ಯಾಂಕ್ ತರಬ್ಯಾಡ್ರಿ" ಅಂದಳು. ಸರಿಯಾದ ಮಾತೇ.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಇದೇ ಕಥೆಯ ಮೇಲೆ 2003ರಲ್ಲೂ ಒಂದು ಸರಣಿ ಬಂದಿತ್ತು. ಆಗ ಮೂಲ ಚಿತ್ರಕಥೆ ಮುಗಿದಿರಲಿಲ್ಲ, ಹಾಗಾಗಿ ಟಿವಿಯವರು ತಮ್ಮದೇ ದಾರಿ ಹಿಡಿದರು. ಎರಡನೆಯದರಲ್ಲಿ ಮೂಲ ಕಥೆ 2010ರ ಜೂನ್‌ನಲ್ಲಿ ಮುಗಿಯಿತು, ಸರಣಿ ಜುಲೈನಲ್ಲಿ. ಕಥೆಗಾರ್ತಿ ಎಲ್ಲಿಗೆ ಹೋಗಬೇಕು ಅಂತಿದ್ದರೋ ಅಲ್ಲಿಗೇ ಹೋಗಿ ನಿಂತಿತು. ಮುಗಿಯುವ ಕಥೆ ಅಂದರೆ ನನಗೆ ಗೌರವ. ಅನಿಮೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೆ 12-13 ಕಂತು ಅಂತ ಲೆಕ್ಕ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗೆ ಹೊಸ ಸರಣಿಗಳು ಶುರು, ನಮ್ಮ ಕ್ವಾರ್ಟರ್ ಇದ್ದ ಹಾಗೆ. ಆ ಚೌಕಟ್ಟಿನಲ್ಲಿ ಹೇಳಿ ಮುಗಿಸುವವರನ್ನು ನಂಬಬಹುದು. ಎಳೆಯುವವರೂ ಇದ್ದಾರೆ. 'ಡ್ರ್ಯಾಗನ್ ಬಾಲ್ ಜೆಡ್'ನಲ್ಲಿ ಗ್ರಹ ಐದು ನಿಮಿಷದಲ್ಲಿ ಸಿಡಿಯುತ್ತೆ ಅಂತ ಖಳ ಹೇಳಿದ ಮೇಲೂ ಕಂತಿನ ಮೇಲೆ ಕಂತು ಹೊಡೆದಾಟ ನಡೆಯುತ್ತೆ. 'ನರುಟೊ'ದಲ್ಲಿ ಮೂಲ ಕಥೆಗೆ ಸಂಬಂಧವಿಲ್ಲದ ಕಂತುಗಳು ರಾಶಿ ರಾಶಿ. ಆ ಹುಡುಗನ ಒಂಟಿತನದ ಕಥೆ ಚೆನ್ನಾಗಿದೆ, ಆದರೆ 220 ಕಂತು ನೋಡುವಷ್ಟು ರಜೆ ನನಗೆ ಯಾರೂ ಮಂಜೂರು ಮಾಡಲ್ಲ.

ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ನಾಟುವ ಸರಣಿಗಳೇ ಬೇರೆ ಇವೆ. 'ಮಾನ್‌ಸ್ಟರ್' (2004-05, 74 ಕಂತು) ತೆಗೆದುಕೊಳ್ಳಿ. ನಾವೊಕಿ ಉರಸಾವಾ ಅವರ ಕಥೆ. ಜರ್ಮನಿಯ ಡುಸೆಲ್ಡಾರ್ಫ್ ನಗರದಲ್ಲಿ ಕೆನ್‌ಜೊ ತೆನ್ಮಾ ಎಂಬ ಜಪಾನಿ ಮೆದುಳು ಶಸ್ತ್ರವೈದ್ಯ. ಕೈಗುಣ ಒಳ್ಳೆಯದು, ಡೈರೆಕ್ಟರಿನ ಮಗಳ ಜೊತೆ ನಿಶ್ಚಿತಾರ್ಥವೂ ಆಗಿದೆ. ಒಂದು ರಾತ್ರಿ ಮೊದಲು ಬಂದ ತುರ್ಕಿ ಕೂಲಿ ಕಾರ್ಮಿಕನನ್ನು ಬಿಟ್ಟು ನಂತರ ಬಂದ ಪ್ರಸಿದ್ಧ ಗಾಯಕನಿಗೆ ಆಪರೇಷನ್ ಮಾಡು ಅಂತ ಮೇಲಿನವರ ಅಪ್ಪಣೆ. ಮಾಡ್ತಾನೆ. ಕಾರ್ಮಿಕ ಸಾಯ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಬಂದು ನಿಂತು ನನ್ನ ಗಂಡ ಮೊದಲು ಬಂದಿದ್ದನಲ್ಲ ಅಂತ ಕೇಳ್ತಾಳೆ. ಅಲ್ಲಿ ಇಬ್ಬರೂ ಹೊರಗಿನವರೇ ನೋಡಿ, ವೈದ್ಯನೂ ಹೊರಗಿನವ, ಸತ್ತವನೂ ಹೊರಗಿನವ. ಜರ್ಮನಿ 1961ರಲ್ಲಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತ್ತು. ಅವರ ಬೆವರು ಬೇಕಿತ್ತು, ಸರತಿ ಸಾಲಿನಲ್ಲಿ ಮಾತ್ರ ಹಿಂದೆ. ಮುಂದಿನ ಸಲ ಮೇಯರ್ ಬಂದಾಗ ತೆನ್ಮಾ ಅಪ್ಪಣೆ ಮೀರಿ, ಮೊದಲು ಬಂದ ಒಬ್ಬ ಹುಡುಗನಿಗೇ ಆಪರೇಷನ್ ಮಾಡಿ ಉಳಿಸ್ತಾನೆ. ಆ ಹುಡುಗನೇ ದೊಡ್ಡವನಾಗಿ ಕೊಲೆಗಾರನಾಗ್ತಾನೆ! ಸರಿಯಾದ ಕೆಲಸಕ್ಕೆ ಸರಿಯಾದ ಫಲ ಸಿಗದೆ ಹೋದರೆ ಆ ಕೆಲಸ ತಪ್ಪಾಯಿತೇ? ಈ ಒಂದು ಪ್ರಶ್ನೆಯ ಹಿಂದೆ ಇಡೀ ಸರಣಿ ನಡೆಯುತ್ತೆ. ಇದನ್ನು ಸಣ್ಣ ಮಕ್ಕಳ ಮುಂದೆ ಹಾಕಬೇಡಿ, ದೊಡ್ಡವರಿಗೆ ಮಾತ್ರ.

ಇನ್ನೊಂದು 'ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್' (2016-18, 44 ಕಂತು). ರೇ ಎಂಬ ಹದಿನೇಳರ ಹುಡುಗ. ಅಪ್ಪ, ಅಮ್ಮ, ತಂಗಿ ಅಪಘಾತದಲ್ಲಿ ಹೋದ ಮೇಲೆ ಅಪ್ಪನ ಸ್ನೇಹಿತ ಬಂದು, ನಿನಗೆ ಶೋಗಿ ಇಷ್ಟವಾ ಅಂತ ಕೇಳ್ತಾನೆ. ಶೋಗಿ ಅಂದರೆ ಜಪಾನಿನ ಚದುರಂಗ. ಬದುಕಬೇಕಲ್ಲ, ಹುಡುಗ ಹೌದು ಅಂತ ಸುಳ್ಳು ಹೇಳ್ತಾನೆ. ಅದರಲ್ಲೇ ವೃತ್ತಿಪರ ಆಟಗಾರನಾಗಿ ದೊಡ್ಡ ನಗರದಲ್ಲಿ ನದಿ ದಂಡೆಯ ಖಾಲಿ ಮನೆಯಲ್ಲಿ ಒಬ್ಬನೇ ಇರ್ತಾನೆ. ನಮ್ಮ ಕಾಲದಲ್ಲಿ ಬ್ಯಾಂಕ್ ಪರೀಕ್ಷೆ ಬರೆದವರನ್ನು ನಿನಗೆ ಬ್ಯಾಂಕು ಇಷ್ಟವಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವೂ ಹೌದು ಅಂತಲೇ ಹೇಳ್ತಿದ್ದೆವು. ಕುಡಿಸಿ ಬೀದಿಯಲ್ಲಿ ಬಿಟ್ಟುಹೋದ ಈ ಹುಡುಗನನ್ನು ಮೂವರು ಅಕ್ಕತಂಗಿಯರ ಮನೆ ಎತ್ತಿಕೊಂಡು ಹೋಗಿ ಊಟಕ್ಕೆ ಹಾಕುತ್ತೆ. ಅವರೂ ತಾಯಿ ಇಲ್ಲದ ಮಕ್ಕಳೇ, ಅಜ್ಜನ ಮಿಠಾಯಿ ಅಂಗಡಿ. ಊಟದ ಮೇಜಿನ ಗಲಾಟೆ ನೋಡ್ತಾ, ಚಾಳಿನಲ್ಲಿ ನಾಲ್ಕು ಜನ ಒಂದು ರೂಮಿನಲ್ಲಿದ್ದಾಗ ಪಕ್ಕದ ಮನೆಯ ಕಾಕು ಕಳಿಸುತ್ತಿದ್ದ ಆಮಟಿ ನನಗೆ ನೆನಪಾಯಿತು. ಎರಡನೇ ಭಾಗದಲ್ಲಿ ನಡುವಿನ ಹುಡುಗಿ ಹಿನಾತಾ, ಶಾಲೆಯಲ್ಲಿ ಎಲ್ಲರೂ ಪೀಡಿಸುವ ಗೆಳತಿಯ ಪರ ನಿಂತು, ಆಮೇಲೆ ತಾನೇ ಆ ಪೀಡನೆಗೆ ಗುರಿಯಾಗ್ತಾಳೆ. ಅತ್ತುಕೊಂಡೇ ಮಾಡಿದ್ದು ಸರಿ ಅಂತಾಳೆ. ಮಕ್ಕಳು ಬೇರೆ ಭಾಷೆಯ ಶಾಲೆಯಲ್ಲಿ ಓದಿದವರಿಗೆ ಈ ಭಾಗ ಬೇರೆಯೇ ಥರ ತಾಕುತ್ತೆ.

ಆದರೆ ಒಂದೇ ಸರಣಿ ಹೇಳಿ ಅಂದರೆ ನಾನು ಹೇಳೋದು 'ಶೋವಾ ಗೆನ್‌ರೊಕು ರಾಕುಗೊ ಶಿಂಜು'. 2016ರಲ್ಲಿ 13 ಕಂತು, 2017ರಲ್ಲಿ 12. ರಾಕುಗೊ ಅಂದರೆ ಒಬ್ಬನೇ ಕಲಾವಿದ ದಿಂಬಿನ ಮೇಲೆ ಮಂಡಿಯೂರಿ ಕೂತು, ಒಂದು ಬೀಸಣಿಗೆ, ಒಂದು ಕೈವಸ್ತ್ರ ಇಟ್ಟುಕೊಂಡು, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡಿ ಕಥೆ ಹೇಳುವ ಕಲೆ. ತಾಳಮದ್ದಳೆ, ಹರಿಕಥೆ ಕೇಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಜೈಲಿನಿಂದ ಬಿಡುಗಡೆಯಾದ ಒಬ್ಬ ಪುಂಡ ಹುಡುಗ ಹಿರಿಯ ಕಲಾವಿದ ಯಾಕುಮೊ ಹತ್ತಿರ ಬಂದು ಶಿಷ್ಯನಾಗ್ತೀನಿ ಅಂತ ಹಟ ಹಿಡಿಯುತ್ತಾನೆ. ಶಿಷ್ಯರನ್ನೇ ತೆಗೆದುಕೊಳ್ಳದ ಯಾಕುಮೊ ಯಾಕೋ ಒಪ್ಪುತ್ತಾನೆ. ಅಲ್ಲಿಂದ ಕಥೆ ಹಿಂದಕ್ಕೆ ಹೋಗಿ, ಯುದ್ಧದ ಮುಂಚಿನಿಂದ ಟಿವಿ ಬರುವ ಕಾಲದವರೆಗೆ ಆ ಕಲೆಯ ಏರಿಳಿತವನ್ನು, ಒಂದೇ ದಿನ ಒಬ್ಬನೇ ಗುರುವಿನ ಮನೆ ಸೇರಿದ ಇಬ್ಬರು ಹುಡುಗರ ಸ್ನೇಹ-ಮತ್ಸರವನ್ನು ಹೇಳುತ್ತೆ. ಯಾಕುಮೊಗೆ ದನಿ ಕೊಟ್ಟ ಅಕಿರಾ ಇಶಿದಾ ಅಂಥವರು ಕಥೆ ಹೇಳುವ ದೃಶ್ಯಗಳನ್ನು ನಿಜವಾಗಿ ರಾಕುಗೊ ಹೇಳಿದಂತೆಯೇ ನಡೆಸಿಕೊಡ್ತಾರೆ. ಚಿತ್ರ ಬಹುಪಾಲು ನಿಂತೇ ಇರುತ್ತೆ. ನಾನು ಮೊದಲೇ ಹೇಳಿದೆನಲ್ಲ, ಚಲನೆ ಕಡಿಮೆ ಆದಾಗ ದನಿ ಎಷ್ಟು ದೂರ ಒಯ್ಯಬಹುದು ಅಂತ ಇಲ್ಲಿ ನೋಡಬೇಕು.

ಇದರ ಒಳಗಿನ ಮುಳ್ಳು ಬೇರೆ. ಯಾಕುಮೊಗೆ ಕಲೆ ತನ್ನ ಜೊತೆಯೇ ಸಾಯಲಿ ಅನ್ನೋ ಆಸೆ. ಶಿಂಜು ಅಂದರೆ ಜೊತೆಯಾಗಿ ಸಾಯೋದು. ನಮ್ಮ ನಂತರ ಇದನ್ನು ಮಾಡುವವರು ಯಾರೂ ಇಲ್ಲ ಅನ್ನುವ ದುಃಖದಲ್ಲಿ ಒಂದು ಸಣ್ಣ ಅಹಂಕಾರವೂ ಇರುತ್ತೆ ಅಂತ ಈ ಸರಣಿ ಮುಲಾಜಿಲ್ಲದೆ ತೋರಿಸುತ್ತೆ. ಈ ಮಾತನ್ನು ಮುಂಬಯಿಯ ಕನ್ನಡ ಕಾರ್ಯಕ್ರಮಗಳಲ್ಲಿ ನಾನು ಎಷ್ಟೋ ವರ್ಷದಿಂದ ಕೇಳ್ತಾ ಇದ್ದೀನಿ. "ಇನ್ನು ನಾವಿರೋತನಕ ಅಷ್ಟೇ, ಮಕ್ಕಳಿಗೆ ಕನ್ನಡ ಎಲ್ಲಿ ಬೇಕು" ಅಂತ ವೇದಿಕೆಯ ಮೇಲೆ ಹೇಳ್ತೀವಿ, ಕೆಳಗೆ ಕೂತ ಬಿಳಿಗೂದಲಿನವರೆಲ್ಲ ತಲೆದೂಗ್ತೀವಿ. ಆಮೇಲೆ ಶಿರಾ, ಉಪ್ಪಿಟ್ಟು. ಅಲ್ಲಿಗೆ ಒಬ್ಬ ಇಪ್ಪತ್ತರ ಹುಡುಗ ಬಂದು, ಹರಕು ಮುರುಕು ಕನ್ನಡದಲ್ಲಿ, ನಾನೊಂದು ಪ್ರಸಂಗ ಮಾಡ್ತೀನಿ, ಅರ್ಥ ನನಗೆ ತೋಚಿದ ಹಾಗೆ ಹೇಳ್ತೀನಿ ಅಂದರೆ ನಾವು ಬಾಗಿಲು ತೆಗೀತೀವಾ, ಉಚ್ಚಾರ ತಿದ್ದುತ್ತಾ ಕೂರ್ತೀವಾ? ಯಾಕುಮೊ ತೆಗೆದ, ಬೈಯುತ್ತಲೇ ತೆಗೆದ. ಅದಕ್ಕೇ ಎರಡನೇ ಭಾಗ ಅಂತ ಒಂದು ಉಳಿಯಿತು.

ಭಾಷೆಯ ಮಾತು ಬಂದದ್ದಕ್ಕೆ ಇನ್ನೊಂದು ಹೇಳ್ತೀನಿ. ದಯವಿಟ್ಟು ಜಪಾನಿ ದನಿಯಲ್ಲೇ ನೋಡಿ, ಕೆಳಗೆ ಇಂಗ್ಲಿಷ್ ಅಕ್ಷರ ಓದಿಕೊಳ್ಳಿ. ಜಪಾನಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರೋದು, ದೊಡ್ಡವರ ಜೊತೆ ಮಾತಾಡುವ ರೀತಿಯೇ ಬೇರೆ, ಸಣ್ಣವರ ಜೊತೆಯದೇ ಬೇರೆ. 'ಫುಲ್‌ಮೆಟಲ್'ನಲ್ಲಿ ತಮ್ಮ ಅಣ್ಣನನ್ನು ಪ್ರತಿ ಸಲ 'ನೀಸಾನ್' ಅಂತ ಕರೀತಾನೆ. ಇಂಗ್ಲಿಷಿನಲ್ಲಿ ಅದು 'ಬ್ರದರ್' ಆಗುತ್ತೆ, ಚರ್ಚಿನ ಪಾದ್ರಿಯನ್ನು ಕರೆದ ಹಾಗೆ. ಕನ್ನಡದಲ್ಲಿ ಒಂದೇ ಮಾತು, 'ಅಣ್ಣಾ'. ಏನೂ ಕೂಡಿಸೋದು ಬೇಡ, ಕಳೆಯೋದು ಬೇಡ. ಆದರೆ ನಾನು ನೋಡಿದ ಸರಣಿಗಳಲ್ಲಿ ಒಂದಕ್ಕೂ ಕನ್ನಡದ ದನಿ ಇರಲಿಲ್ಲ. ಡಬ್ಬಿಂಗ್‌ಗೆ ದಶಕಗಳ ಕಾಲ ಇದ್ದ ಅಡ್ಡಿ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಸಡಿಲವಾಯಿತು. ಇಂಥ ಕಥೆಗಳು ಕನ್ನಡದಲ್ಲಿ ಬಂದರೆ ಹೊರನಾಡಿನ ಮಕ್ಕಳಿಗೆ 'ಅಣ್ಣಾ' ಅನ್ನುವ ಪದ ಮನೆಯ ಹೊರಗೂ ಒಂದು ಕಡೆ ಕೇಳಿಸುತ್ತೆ. ಕನ್ನಡ ಕಲಿಸಲು ಸಂಘಗಳು ಮಾಡುವ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು ಅಂತ ನನ್ನ ನಂಬಿಕೆ.

ದೂರುಗಳೂ ಇವೆ. ಹುಡುಗಿಯರನ್ನು ಕೆಟ್ಟದಾಗಿ ಚಿತ್ರಿಸುವ ಸರಣಿಗಳು ಬೇಕಾದಷ್ಟಿವೆ, ರಕ್ತಪಾತವೇ ಬಂಡವಾಳವಾದವೂ ಇವೆ. ಹಾಗಾಗಿ ಮಕ್ಕಳ ಕೈಗೆ ರಿಮೋಟ್ ಕೊಟ್ಟು ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ಜೊತೆಗೆ ಕೂರಿ ಅಂತ ಹೇಳ್ತಿದ್ದೀನಿ. ಚಿತ್ರ ಬರೆಯುವವರಿಗೆ ಕೆಲಸ ವಿಪರೀತ, ಸಂಬಳ ಕಡಿಮೆ ಅನ್ನೋದು ಜಪಾನಿನಲ್ಲೇ ದೊಡ್ಡ ಚರ್ಚೆ. ಈ ಕಸುಬಿನ ಪಾಡನ್ನೇ ಹೇಳುವ 'ಶಿರೊಬಾಕೊ' (2014-15, 24 ಕಂತು) ಅಂತ ಒಂದು ಸರಣಿಯೂ ಇದೆ. ಮಾರ್ಚ್ ಕ್ಲೋಸಿಂಗ್ ಕಂಡವರಿಗೆ ಅದರ ಗಡಿಬಿಡಿ ಚೆನ್ನಾಗಿ ಅರ್ಥವಾಗುತ್ತೆ. ಆದ್ದರಿಂದ ಕದ್ದ ಕಾಪಿ ಬೇಡ, ಚಂದಾ ಕಟ್ಟಿಯೇ ನೋಡಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ: 74 ಕಂತು ಅಂದರೆ ಹೆದರಿಕೆ ಆಗುತ್ತೆ, ಮೊದಲು 12 ಕಂತಿನ 'ಬರಕಮೊನ್' (2014) ನೋಡಿ. ಸಿಟ್ಟಿನಲ್ಲಿ ಹಿರಿಯರೊಬ್ಬರ ಮೇಲೆ ಕೈಮಾಡಿ, ದೂರದ ದ್ವೀಪದ ಹಳ್ಳಿಗೆ ಹೋಗಬೇಕಾಗಿ ಬಂದ ಪಟ್ಟಣದ ಅಕ್ಷರ-ಕಲಾವಿದನ ಕಥೆ. ಹಳ್ಳಿಯ ಮಕ್ಕಳು ಬಾಗಿಲು ತಟ್ಟದೆ ಒಳಗೆ ನುಗ್ಗುತ್ತಾರೆ, ನೆರೆಯವರು ಕೇಳದೆಯೇ ತರಕಾರಿ ಇಟ್ಟು ಹೋಗ್ತಾರೆ. ಮನೆಯಲ್ಲಿ ಮಗ-ಮಗಳು ಇದ್ದರೆ ಅವರನ್ನೇ ಕೇಳಿ, "ನೀನು ನೋಡೋದರಲ್ಲಿ ಒಳ್ಳೇದು ಯಾವುದು, ಒಂದು ನನಗೂ ತೋರಿಸು" ಅಂತ. ಅವರು ಯಾವುದನ್ನು ಆರಿಸಿ ನಿಮ್ಮ ಮುಂದೆ ಇಡ್ತಾರೆ ಅನ್ನೋದರಲ್ಲೇ ಅವರ ಬಗ್ಗೆ ಬಹಳಷ್ಟು ಗೊತ್ತಾಗುತ್ತೆ. ನನ್ನ ಮಗಳು ನನಗೆ ಮೊದಲು ಹಾಕಿಕೊಟ್ಟದ್ದು ಆ ಶೋಗಿ ಹುಡುಗನ ಕಥೆ. ಯಾಕೆ ಅದೇ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. 44 ಕಂತು ಜೊತೆಗೆ ಕೂತು ನೋಡಿದೆವು.

ನಿಮ್ಮ ಮನೆಯಲ್ಲಿ ಯಾವುದು ನಡೀತಾ ಇದೆ? ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ. 26 ಕಂತಿನ ಒಳಗೆ ಇದ್ದರೆ ಇನ್ನೂ ಸಂತೋಷ, ಅರ್ಜಿ ಬೇಗ ಪಾಸಾಗುತ್ತೆ.